ಲ್ಯಾಬಿನಲ್ಲಿ ಎನ್‌ಎಫ್‌ಎಸ್ ಮೌಂಟ್ ಅರ್ಧ ನಿಮಿಷ ತಡವಾಗುವುದೇಕೆ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಅಧ್ಯಾಪಿಕೆ. ನಮ್ಮ ಯಂತ್ರಗಳಲ್ಲಿ ಉಬುಂಟು ಆಧಾರಿತ ಕೈಟ್ ಗ್ನೂ ಲಿನಕ್ಸ್ ಇದೆ. ಮಕ್ಕಳ ಕಡತಗಳಿರುವ ಸರ್ವರನ್ನು ಎನ್‌ಎಫ್‌ಎಸ್ (ಬೇರೆ ಯಂತ್ರದ ಕಡತಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ) ನಾಲ್ಕನೇ ಆವೃತ್ತಿಯಲ್ಲಿ ಮೌಂಟ್ ಮಾಡುವಾಗ, ಅಂದರೆ ನಮ್ಮ ಯಂತ್ರಕ್ಕೆ ಜೋಡಿಸುವಾಗ, ಪ್ರತಿ ಸಲವೂ ಸುಮಾರು ಅರ್ಧ ನಿಮಿಷ ಏನೂ ನಡೆಯುವುದಿಲ್ಲ; ಮೌಂಟ್ ಆದ ಮೇಲೆ ದೊಡ್ಡ ವಿಡಿಯೊ ಕೂಡ ಸಲೀಸಾಗಿ ನಕಲಾಗುತ್ತದೆ. ಸ್ವಿಚ್ಚು, ಕೇಬಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಹಿಂದೆ ಯಾರೋ ಇಲ್ಲಿ ಪ್ರಯೋಗಕ್ಕೆಂದು ಕರ್ಬರೋಸ್ (ನೆಟ್‌ವರ್ಕಿನಲ್ಲಿ ಗುರುತು ದೃಢಪಡಿಸುವ ವ್ಯವಸ್ಥೆ) ಸರ್ವರ್ ಹಾಕಿ, ಬಳಿಕ ತೆಗೆದಿದ್ದರಂತೆ.

ಉತ್ತರ: ಟೀಚರೇ, ನಿಮ್ಮ ಕೊನೆಯ ವಾಕ್ಯದಲ್ಲೇ ಕಾರಣವಿರುವ ಹಾಗೆ ಕಾಣುತ್ತದೆ. ನೆಟ್‌ವರ್ಕ್ ನಿಧಾನವಾಗಿದ್ದರೆ ನಕಲು ಮಾಡುವುದೂ ನಿಧಾನವಾಗಬೇಕಿತ್ತು. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ತಡೆಯುತ್ತಿದೆಯೆಂದರೆ ಯಂತ್ರವು ಯಾರದೋ ಉತ್ತರಕ್ಕಾಗಿ ಕಾಯುತ್ತಿದೆ ಎಂದರ್ಥ. ಹೀಗಿರುವಾಗ ಓದು-ಬರಹದ ಬ್ಲಾಕಿನ ಗಾತ್ರ ತಿದ್ದುವುದು ವ್ಯರ್ಥ.

ಮೌಂಟ್ ಆಯ್ಕೆಯಲ್ಲಿ ಭದ್ರತೆಗೆ ಸಿಸ್ (ಕರ್ಬರೋಸ್ ಬೇಡದ ಸಾಮಾನ್ಯ ವಿಧಾನ) ಎಂದು ಬರೆದಿದ್ದರೂ, ನಾಲ್ಕನೇ ಆವೃತ್ತಿಯಲ್ಲಿ ಲಿನಕ್ಸ್ ಕ್ಲೈಂಟು ಸರ್ವರಿಗೆ ತನ್ನ ಗುರುತು ಹೇಳಿ ಲೀಸ್ (ನಿಗದಿತ ಅವಧಿಯ ಅನುಮತಿ) ಪಡೆಯುವ ಹಂತದಲ್ಲಿ ಮೊದಲು ಕರ್ಬರೋಸನ್ನೇ ಪ್ರಯತ್ನಿಸಿ, ಅದು ಸೋತ ಮೇಲೆ ಮಾತ್ರ ಸಿಸ್‌ಗೆ ಇಳಿಯುತ್ತದೆ. ಬಹಳ ಮಂದಿ ಎಡವುವುದು ಇಲ್ಲಿಯೇ. ಈ ಕೆಲಸ ಮಾಡುವ ಜಿಎಸ್‌ಎಸ್‌ಡಿ ಎಂಬ ಸೇವೆ ಉಬುಂಟುವಿನಲ್ಲಿ ಇಟಿಸಿ ಫೋಲ್ಡರಿನೊಳಗೆ ಕೀಟ್ಯಾಬ್ (ಯಂತ್ರದ ಕರ್ಬರೋಸ್ ಕೀಲಿಗಳಿರುವ) ಕಡತವಿದ್ದರೆ ಮಾತ್ರ ಏಳುತ್ತದೆ. ನಿಮ್ಮಲ್ಲಿ ಕರ್ಬರೋಸ್ ಸರ್ವರ್ ಹೋದರೂ ಕೀಟ್ಯಾಬ್ ಉಳಿದಿರಬೇಕು. ಊರು ಬಿಟ್ಟವರ ಮನೆಯ ಬಾಗಿಲು ತಟ್ಟುತ್ತ ನಿಂತಂತೆ ಆ ಸೇವೆ ಹಳೆಯ ಸರ್ವರಿನ ವಿಳಾಸದ 88ನೇ ಪೋರ್ಟಿಗೆ (ಕರ್ಬರೋಸ್ ಉತ್ತರಿಸುವ ದ್ವಾರಕ್ಕೆ) ಕೇಳಿ ಕೇಳಿ ಕಾಯುತ್ತದೆ. ಆ ವಿಳಾಸದಲ್ಲಿ ಬೇರೆ ಯಂತ್ರವಿದ್ದು ಪೋರ್ಟ್ ಮಾತ್ರ ಮುಚ್ಚಿದ್ದರೆ ಸಾಮಾನ್ಯವಾಗಿ ತಕ್ಷಣ ನಿರಾಕರಣೆ ಬಂದುಬಿಡುತ್ತಿತ್ತು, ಮೌನವೇ ತೊಂದರೆ.

ಜರ್ನಲ್‌ಸಿಟಿಎಲ್ ಆಜ್ಞೆಯಿಂದ ಜಿಎಸ್‌ಎಸ್‌ಡಿ ದಾಖಲೆ ತೆರೆದು ನೋಡಿರಿ. ಯಾವ ಕೆಡಿಸಿಯನ್ನೂ (ಕರ್ಬರೋಸ್ ಸರ್ವರನ್ನೂ) ಸಂಪರ್ಕಿಸಲಾಗಲಿಲ್ಲ ಎಂಬರ್ಥದ ಸಾಲು ಸಿಕ್ಕಿದರೆ, ಕೀಟ್ಯಾಬಿನ ಹೆಸರು ಬದಲಿಸಿ, ಆ ಸೇವೆಯನ್ನು ನಿಲ್ಲಿಸಿರಿ. ಆದರೆ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಸ್‌ಡಿ ಮುಂತಾದ ಸೇವೆಗಳು ಅದೇ ಕೀಟ್ಯಾಬ್ ಬಳಸುತ್ತಿದ್ದರೆ ಅದನ್ನು ಮುಟ್ಟಬೇಡಿ. ಮರುಪರೀಕ್ಷೆಗೆ ಮುನ್ನ ಆ ಸರ್ವರಿನ ಎಲ್ಲ ಮೌಂಟ್‌ಗಳನ್ನೂ ಬಿಡಿಸಬೇಕು, ಏಕೆಂದರೆ ಒಂದು ಉಳಿದಿದ್ದರೂ ಗುರುತಿನ ಮಾತುಕತೆ ಮತ್ತೆ ನಡೆಯದೆ ಎರಡನೆಯದು ಬೇಗ ಆಗಿ, ರಿಪೇರಿಯಾಯಿತೆಂಬ ಭ್ರಮೆ ಹುಟ್ಟುತ್ತದೆ.

ಮರುಪ್ರಶ್ನೆ: ಕೀಟ್ಯಾಬ್ ಇತ್ತು, ಹೆಸರು ಬದಲಿಸಿ ಸೇವೆ ನಿಲ್ಲಿಸಿದ ಮೇಲೆ ಮೌಂಟ್ ತಕ್ಷಣ ಆಗುತ್ತಿದೆ. ಆದರೆ ಹೊಸದಾಗಿ ಸೇರಿಸಿದ ಒಂದು ಯಂತ್ರ ಈಗಲೂ ಕೆಲವು ಸೆಕೆಂಡು ತಡೆಯುತ್ತದೆ, ಅದೂ ಮಳೆಗೆ ಬ್ರಾಡ್‌ಬ್ಯಾಂಡ್ ಹೋದ ದಿನ ಮಾತ್ರ.

ಉತ್ತರ: ಹಾಗಾದರೆ ಕರ್ಬರೋಸನ್ನು ಬಿಟ್ಟು ಕಡತಗಳ ಸರ್ವರಿನ ಕಡೆ ನೋಡಿರಿ. ಯಾರು ಮೌಂಟ್ ಮಾಡಬಹುದೆಂದು ಹೇಳುವ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಯಂತ್ರಗಳ ಹೆಸರು ಬರೆದಿದ್ದರೆ, ಬಂದ ಐಪಿ ವಿಳಾಸ ಯಾರದೆಂದು ಸರ್ವರ್ ಡಿಎನ್‌ಎಸ್‌ನಲ್ಲಿ (ಹೆಸರು-ವಿಳಾಸ ಹೊಂದಿಸುವ ಸೇವೆಯಲ್ಲಿ) ವಿಚಾರಿಸುತ್ತದೆ; ಬ್ರಾಡ್‌ಬ್ಯಾಂಡ್ ಇಲ್ಲದ ದಿನ ಅದಕ್ಕೆ ಉತ್ತರ ಸಿಗದಿರಬಹುದು. ಉತ್ತರ ಬಾರದಿದ್ದರೆ ಪೂರ್ವನಿಗದಿಯಂತೆ ಪ್ರತಿ ವಿಚಾರಣೆಗೆ 5 ಸೆಕೆಂಡು ಕಾದು ಇನ್ನೊಮ್ಮೆ ಕೇಳುತ್ತದೆ. ಹಳೆಯ ಯಂತ್ರಗಳ ಹೆಸರು ಸರ್ವರಿನಲ್ಲೇ ಇರುವ ಹೆಸರು-ವಿಳಾಸಗಳ ಪಟ್ಟಿಯಾದ ಹೋಸ್ಟ್ಸ್ ಕಡತದಲ್ಲಿದ್ದು ಇದರದ್ದು ಇಲ್ಲದಿರಬಹುದು, ಆ ಒಂದು ಸಾಲನ್ನು ಸೇರಿಸಿರಿ. ಎಕ್ಸ್‌ಪೋರ್ಟ್ಸ್‌ನಲ್ಲಿ ಹೆಸರುಗಳ ಬದಲು ಲ್ಯಾಬಿನ ಐಪಿ ವ್ಯಾಪ್ತಿಯನ್ನೇ ಬರೆದರೆ ಇನ್ನೂ ಒಳ್ಳೆಯದು. ಮುಂದೆ ಯಂತ್ರ ಸೇರಿಸುವಾಗ ಎಕ್ಸ್‌ಪೋರ್ಟ್ಸ್ ಕಡತವನ್ನು ತೆರೆಯಬೇಕಾಗಿಲ್ಲ.