ಬ್ಲೂ-ರೇ ಹಾಕಿದರೂ 5.1 ಬರುತ್ತಿಲ್ಲ: ಕಡಿಮೆ ಬೆಲೆಗೆ ಯಾವ ರಿಸೀವರ್ ತಗೊಳ್ಳಲಿ?

ಸಿಂಧನೂರಿನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 4ಕೆ ಟಿವಿ, ಬ್ಲೂ-ರೇ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಇವೆ. ಐದು ಸ್ಪೀಕರ್ ಮತ್ತು ಸಬ್‌ವೂಫರ್ (ಅಂದರೆ 5.1) ಹಳೇ ರಿಸೀವರ್‌ಗೆ, ಅಂದರೆ ಸ್ಪೀಕರ್ ಓಡಿಸುವ ಆಂಪ್ಲಿಫೈಯರ್‌ಗೆ, ಜೋಡಿಸಿದ್ದೇನೆ. ಅದರಲ್ಲಿ ಎಚ್‌ಡಿಎಂಐ ಇಲ್ಲ. ಹಾಗಾಗಿ ಎಲ್ಲವನ್ನೂ ಟಿವಿಗೆ ಕೊಟ್ಟು, ಅಲ್ಲಿಂದ ರಿಸೀವರ್‌ಗೆ ಶಬ್ದ ಒಯ್ಯುವ ಆಪ್ಟಿಕಲ್ ಕೇಬಲ್ ಎಳೆದಿದ್ದೇನೆ. ಡಿಸ್ಕ್ ಹಾಕಿದರೆ ಹಿಂದಿನ ಸ್ಪೀಕರ್‌ಗಳು ಸುಮ್ನೆ ಇರುತ್ತವೆ. ರಿಸೀವರ್ ಮೇಲೆ ಪಿಸಿಎಂ ಅಂತ ತೋರಿಸುತ್ತದೆ. ಹೊಸದು ತಗೊಳ್ಳೋಣ ಅಂದರೆ, ಅಂಗಡಿಯವರು ಅಟ್ಮಾಸ್ (ಮೇಲಿಂದಲೂ ಶಬ್ದ ಬರುವ ಡಾಲ್ಬಿ ತಂತ್ರ) ಇಲ್ಲದ್ದು ಬೇಡವೇ ಬೇಡ ಎನ್ನುತ್ತಾರೆ. ನಿಜವಾ?

ಬಳ್ಳಾರಿಯಿಂದ ಉತ್ತರ:
ನಿಮ್ಮ ರಿಸೀವರ್ ಕೆಟ್ಟಿಲ್ಲ ಅನಿಸುತ್ತದೆ. ಟಿವಿಯೇ ಶಬ್ದವನ್ನು ಬಿಡಿಸಿ, ಎರಡು ಚಾನಲ್‌ಗೆ ಇಳಿಸಿ ಕಳಿಸುತ್ತಿದೆ, ಅದೇ ಆ ಪಿಸಿಎಂ. ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಇದ್ದರೆ ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ (ಬಿಡಿಸದೆ ಹಾಗೇ ಕಳಿಸುವುದು) ಮಾಡಿ. ಪ್ಲೇಯರ್‌ನಲ್ಲೂ ಹಾಗೇ ಮಾಡಿ. 5.1 ಬಂದರೂ ಬರಬಹುದು.

ಆದರೆ ಆಪ್ಟಿಕಲ್‌ನಲ್ಲಿ 5.1 ಆಗಿ ಸಿಗುವುದು ಕುಗ್ಗಿಸಿದ ಮಾಮೂಲಿ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಮಾತ್ರ. ಡಿಸ್ಕ್‌ನಲ್ಲಿರುವ, ಗುಣಮಟ್ಟ ಕುಂದದ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಆ ಕೇಬಲ್‌ನಲ್ಲಿ ಹಿಡಿಸುವುದಿಲ್ಲ. ಟಿವಿಯ ಶಬ್ದವನ್ನು ಎಚ್‌ಡಿಎಂಐನಲ್ಲೇ ರಿಸೀವರ್‌ಗೆ ವಾಪಸ್ ತರುವ ಮಾಮೂಲಿ ಎಆರ್‌ಸಿಯಲ್ಲೂ ಅವು ಬರುವುದಿಲ್ಲ. ಅದಕ್ಕೇ ಹೊಸ ರಿಸೀವರ್ ಬಂದ ಮೇಲೆ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಎರಡನ್ನೂ ನೇರ ರಿಸೀವರ್‌ಗೇ ಕೊಡಿ. ಅಲ್ಲಿಂದ ಒಂದೇ ಎಚ್‌ಡಿಎಂಐ ಟಿವಿಯ ಎಆರ್‌ಸಿ ಪೋರ್ಟ್‌ಗೆ ಹೋಗಲಿ. ಹೀಗೆ ಜೋಡಿಸಿದರೆ ಇಎಆರ್‌ಸಿಗೆ (ಅವನ್ನೂ ವಾಪಸ್ ತರುವ ಹೊಸ ಎಆರ್‌ಸಿ) ಅಂತ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಟಿವಿಯೊಳಗಿನ ಆ್ಯಪ್‌ಗಳಿಗೆ ಎಆರ್‌ಸಿ ಸಾಕು.

ಅಟ್ಮಾಸ್ ವಿಷಯ. ಮೇಲಿಂದ ಶಬ್ದ ಬರಲು ಇನ್ನೆರಡು ಸ್ಪೀಕರ್ ಬೇಕು. ಅಂದರೆ ಏಳು ಚಾನಲ್‌ನ ರಿಸೀವರ್. ನಿಮ್ಮ ಹತ್ತಿರ ಇರುವುದು ಐದು ಸ್ಪೀಕರ್ ಅಲ್ವಾ? ಅಟ್ಮಾಸ್ ಡಿಸ್ಕ್ ಹಾಕಿದರೂ ಅದರೊಳಗಿನ ಟ್ರೂಎಚ್‌ಡಿ 5.1ರಲ್ಲಿ ಚೆನ್ನಾಗಿ ಕೇಳುತ್ತದೆ. ಮುಂದೆ ಸ್ಪೀಕರ್ ಸೇರಿಸುವ ಯೋಚನೆ ಇದ್ದರೆ ಮಾತ್ರ ಏಳು ಚಾನಲ್‌ಗೆ ಹೋಗಿ.

ಯಮಹಾ ಆರ್‌ಎಕ್ಸ್-ವಿ385, ಸೋನಿ ಎಸ್‌ಟಿಆರ್-ಡಿಎಚ್590 ನೋಡಿ. ಎರಡರಲ್ಲೂ ನಾಲ್ಕು ಎಚ್‌ಡಿಎಂಐ ಇನ್‌ಪುಟ್ ಇವೆ, 4ಕೆ ಹಾಯುತ್ತದೆ, ಮೇಲೆ ಹೇಳಿದ ಎಚ್‌ಡಿ ಆಡಿಯೊ ಎಲ್ಲ ಬರುತ್ತದೆ. ನಾನಾದರೆ ಯಮಹಾ ತಗೊಳ್ಳುತ್ತೇನೆ.

ಗಂಗಾವತಿಯಿಂದ:
ವ್ಯಾಟ್ ನೋಡಿ ಮರುಳಾಗಬೇಡಿ. ಆ ಯಮಹಾವನ್ನೇ ಉದಾಹರಣೆಗೆ ತಗೊಳ್ಳಿ. ಒಂದೇ ಚಾನಲ್ ಓಡಿಸಿ, 1 ಕಿಲೋಹರ್ಟ್ಜ್‌ನಲ್ಲಿ ಅಳೆದರೆ 100 ವ್ಯಾಟ್. ಎರಡು ಚಾನಲ್, 20ರಿಂದ 20,000 ಹರ್ಟ್ಜ್‌ವರೆಗೆ ಅಳೆದರೆ 70. ಎರಡನೇ ಲೆಕ್ಕವನ್ನೇ ಹೋಲಿಸಿ. ನಮ್ಮ ಕಡೆ ಮನೆ ಹಾಲ್‌ಗೆ ಅಷ್ಟು ಧಾರಾಳವಾಯಿತು.

ಇನ್ನೊಂದು, ಶೋಕೇಸ್‌ನೊಳಗೆ ಇಟ್ಟು ಗಾಜಿನ ಬಾಗಿಲು ಹಾಕಬೇಡಿ. ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ಬಿಸಿಲಲ್ಲಿ 40 ಡಿಗ್ರಿ ದಾಟುತ್ತದೆ. ರಿಸೀವರ್ ತಾನೂ ಬಿಸಿಯಾಗುತ್ತದೆ. ಮೇಲೆ ಒಂದು ಗೇಣಾದರೂ ಜಾಗ ಬಿಡಿ, ಸೆಟ್‌ಟಾಪ್ ಬಾಕ್ಸ್ ಅದರ ಮೇಲೆ ಇಡಬೇಡಿ. ವೋಲ್ಟೇಜ್ ಏರಿಳಿಯುವ ಓಣಿಯಾದರೆ ಸ್ಟೆಬಿಲೈಜರ್ ಹಾಕಿ.

ಸಿಂಧನೂರಿನಿಂದ ಮತ್ತೆ:
ಯಮಹಾ ತಂದೆ. ಟ್ರೂಎಚ್‌ಡಿ ಬರುತ್ತಿದೆ, ಹಿಂದಿನ ಸ್ಪೀಕರ್‌ಗಳಿಗೆ ಜೀವ ಬಂತು! ಆದರೆ 4ಕೆ ಸ್ಟ್ರೀಮಿಂಗ್ ಸ್ಟಿಕ್ ಹಾಕಿದರೆ ಪರದೆ ಕಪ್ಪಾಗಿ ಮತ್ತೆ ಬರುತ್ತದೆ.

ಬಳ್ಳಾರಿಯಿಂದ ಉತ್ತರ:
ಮೊದಲು ಕೇಬಲ್ ನೋಡಿ. ಸೆಕೆಂಡಿಗೆ 60 ಚಿತ್ರದ 4ಕೆ ಎಚ್‌ಡಿಆರ್‌ಗೆ (ಬೆಳಕು-ಬಣ್ಣ ಹೆಚ್ಚು ತೋರಿಸುವ ಚಿತ್ರ) 18 ಜಿಬಿಪಿಎಸ್ ವೇಗ ತಡೆಯುವ ಪ್ರೀಮಿಯಂ ಹೈಸ್ಪೀಡ್ ಕೇಬಲ್ ಬೇಕು. ರಿಸೀವರ್‌ನಿಂದ ಟಿವಿಗೆ ಹೋಗುವುದೂ ಅಂಥದ್ದೇ ಇರಲಿ, ಉದ್ದ ಆದಷ್ಟು ಕಡಿಮೆ ಇರಲಿ. ಕೇಬಲ್ ಸರಿಯಿದೆ ಅನಿಸಿದರೂ ಹೀಗಾದರೆ ಸ್ಟಿಕ್‌ನಲ್ಲಿ 4ಕೆ 60 ಬದಲು 4ಕೆ 30 (ಸೆಕೆಂಡಿಗೆ 30 ಚಿತ್ರ) ಹಾಕಿ ನೋಡಿ. ಆಗ ಚಿತ್ರ ಕಪ್ಪಾಗದೆ ನಿಂತರೆ, ಸಮಸ್ಯೆ ಕೇಬಲ್‌ನಲ್ಲಿ ಅಥವಾ ರಿಸೀವರ್‌ನ 4ಕೆ ಮೋಡ್‌ನಲ್ಲಿದೆ. ಆ ಮೋಡ್ ಬದಲಿಸಿ ನೋಡಿ. ಟಿವಿಯಲ್ಲೂ ಆ ಪೋರ್ಟ್‌ಗೆ ಎನ್‌ಹಾನ್ಸ್ಡ್ ಸಿಗ್ನಲ್ ಆನ್ ಇರಬೇಕು.

ಅದಾದ ಮೇಲೆ ಜೊತೆಗೆ ಬಂದ ಮೈಕ್ ಇಟ್ಟು ವೈಪಿಎಒ (ಕೋಣೆಗೆ ತಕ್ಕಂತೆ ಶಬ್ದ ಹೊಂದಿಸುವ ಯಮಹಾ ವ್ಯವಸ್ಥೆ) ಓಡಿಸಿ. ಕೂತಾಗ ಕಿವಿ ಇರುವ ಎತ್ತರಕ್ಕೆ ಮೈಕ್ ಇರಲಿ. ಫ್ಯಾನ್, ಕೂಲರ್ ಆರಿಸಿ. ಗ್ರಾನೈಟ್ ನೆಲವಾದರೆ ಮುಂದೆ ಒಂದು ಜಮಖಾನೆ ಹಾಸಿ ಅಳೆಯಿರಿ, ಮಾತು ಸ್ಪಷ್ಟವಾಗುತ್ತದೆ.