ಔಷಧಿ ಹಚ್ಚಿದರೂ ಮಗಳ ತಲೆಯ ಹೇನು ಹೋಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಒಬ್ಬ ತಾಯಿ, ಬೆಟಗೇರಿ): ನಮಸ್ಕಾರ ಡಾಕ್ಟ್ರೇ. ಮಗಳು ಮೂರನೇ ಕ್ಲಾಸು. ಉದ್ದ ಕೂದಲು, ಸಾಲಿಗೆ ಎರಡು ಜಡೆ ಹಾಕಿ ಕಳಿಸುತ್ತೇನೆ. ಮೆಡಿಕಲ್ ಶಾಪಿನಿಂದ ಹೇನಿನ ಲೋಷನ್ ತಂದು ಹಚ್ಚಿದೆ. ಒಂದು ವಾರ ಆರಾಮಿದ್ದಳು, ಈಗ ಮತ್ತೆ ತಲೆ ಕೆರೆದುಕೊಳ್ಳುತ್ತಿದ್ದಾಳೆ. ಔಷಧಿ ನಕಲಿ ಇರಬಹುದಾ? ಅತ್ತೆಯವರು ಸೀತಾಫಲದ ಬೀಜ ಅರೆದು ಹಚ್ಚು ಅನ್ನುತ್ತಾರೆ. ಕೌದಿ, ಚಾದರ ಎಲ್ಲ ಒಗೆಯಬೇಕಾ? ನಳ ಬರುವುದೇ ನಮ್ಮಲ್ಲಿ ಅಪರೂಪ.

ಉತ್ತರ (ಮಕ್ಕಳ ಡಾಕ್ಟರ್, ಹುಬ್ಬಳ್ಳಿ): ಔಷಧಿಯನ್ನು ಈಗಲೇ ಬೈಯಬೇಡಿ ತಂಗಿ. ಬಾಟಲಿ ಮೇಲೆ ಪರ್ಮೆಥ್ರಿನ್ 1% ಅಂತ ಇದೆಯಾ ನೋಡಿ. ಅದು ಹೇನನ್ನು ಕೊಲ್ಲುತ್ತದೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ. ಉಳಿದ ಸೀರು ಸುಮಾರು 7ರಿಂದ 10 ದಿನದಲ್ಲಿ ಒಡೆದು ಮರಿ ಹೊರಗೆ ಬರುತ್ತದೆ. ನಿಮ್ಮ ಮಗಳಿಗೆ ಆಗಿರುವುದು ಬಹುಶಃ ಇದೇ. ಅದಕ್ಕೇ ಒಂಬತ್ತನೇ ದಿನ ಇನ್ನೊಮ್ಮೆ ಹಚ್ಚಬೇಕು. ಆ ಮರಿಗಳು ಬೆಳೆದು ಮೊಟ್ಟೆ ಇಡುವುದಕ್ಕೆ ಮೊದಲೇ ಸಾಯುತ್ತವೆ. ಎರಡನೇ ಸಲ ತಪ್ಪಿಸಿದರೆ ಮೊದಲನೆಯದೂ ದಂಡ.

ಹಚ್ಚುವ ರೀತಿಯೂ ಮುಖ್ಯ. ನಮ್ಮ ಕಡೆ ಮಕ್ಕಳ ತಲೆಯಲ್ಲಿ ಸದಾ ಎಣ್ಣೆ ಇರುತ್ತದೆ ಅಲ್ವಾ? ಎಣ್ಣೆ ತಲೆಗೆ ಲೋಷನ್ ಹಚ್ಚಿದರೆ ಔಷಧಿ ಸರಿಯಾಗಿ ತಾಗುವುದಿಲ್ಲ. ಮೊದಲು ಶಾಂಪೂ ಹಾಕಿ ತೊಳೆಯಿರಿ, ಕಂಡೀಷನರ್ ಬೇಡ. ಟವೆಲಿನಿಂದ ಒರೆಸಿ, ಒದ್ದೆ ಇರುವಾಗಲೇ ಬುಡದಿಂದ ತುದಿವರೆಗೆ ಹಚ್ಚಿ. ಕಿವಿ ಹಿಂದೆ, ಕತ್ತಿನ ಹಿಂಭಾಗ ಬಿಡಬೇಡಿ, ಹೇನು ಹೆಚ್ಚು ಇರುವುದೇ ಅಲ್ಲಿ. ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆಮೇಲೆ ಒಂದೆರಡು ದಿನ ತಲೆಸ್ನಾನ ಬೇಡ. ಅಂಗಡಿಯವರು 5% ಕ್ರೀಮ್ ಕೊಟ್ಟರೆ ವಾಪಸ್ ಕೊಡಿ, ಅದು ಕಜ್ಜಿಗೆ ಹಚ್ಚುವುದು.

ನನ್ನ ಕೇಳಿದರೆ ಲೋಷನ್‌ನಷ್ಟೇ ಕೆಲಸ ಹಣಿಗೆಯದು. ಒಂದೆರಡು ದಿನ ಬಿಟ್ಟು ಶುರು ಮಾಡಿ. ಕೂದಲು ಒದ್ದೆ ಮಾಡಿ, ಈಗ ಬೇಕಾದರೆ ಕಂಡೀಷನರ್ ಹಚ್ಚಿ, ದೊಡ್ಡ ಹಣಿಗೆಯಿಂದ ಸಿಕ್ಕು ಬಿಡಿಸಿ. ಆಮೇಲೆ ಸಣ್ಣ ಹಲ್ಲಿನ ಸ್ಟೀಲ್ ಹಣಿಗೆಯನ್ನು ಬುಡದಿಂದ ಎಳೆಯಿರಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ. ಎರಡು ಮೂರು ದಿನಕ್ಕೊಮ್ಮೆ, ಎರಡು ಮೂರು ವಾರ. ಬೇಜಾರಿನ ಕೆಲಸ, ಗೊತ್ತು. ಆ ಹುಡುಗಿ ಟಿವಿ ನೋಡುತ್ತಾ ಕೂತಿರಲಿ.

ಸೀತಾಫಲದ ಬೀಜ ಖಂಡಿತ ಬೇಡ. ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೆ ಹೇನು ಸಾಯುತ್ತದೆ. ಆದರೆ ತೊಳೆಯುವಾಗ ಆ ಪುಡಿ ಕಣ್ಣಿಗೆ ಇಳಿದರೆ ಕರಿಗುಡ್ಡೆ ಮೇಲಿನ ಪೊರೆ ಸುಲಿದು ಹೋಗಬಹುದು. ಭಯಂಕರ ಉರಿ, ಕಣ್ಣು ತೆರೆಯಲಿಕ್ಕೇ ಆಗುವುದಿಲ್ಲ. ಚಿಮಣಿ ಎಣ್ಣೆಯೂ ಬೇಡ. ಬೆಂಕಿ ಹತ್ತುವ ವಸ್ತು, ಮಗು ಕುಡಿದರಂತೂ ಪುಪ್ಪುಸಕ್ಕೆ ಹೋಗುತ್ತದೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಕಲಸಿ ಹಚ್ಚುವವರಿದ್ದಾರೆ. ಕರ್ಪೂರ ಮೈಗೆ ಇಳಿದರೆ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು.

ಕೌದಿ ಎಲ್ಲ ಒಗೆಯಬೇಕಿಲ್ಲ. ತಲೆ ಬಿಟ್ಟ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ಔಷಧಿ ಹಚ್ಚುವ ಮೊದಲಿನ ಎರಡು ದಿನ ಬಳಸಿದ ದಿಂಬಿನ ಕವರ್, ಟವೆಲ್ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಹಣಿಗೆ, ರಿಬ್ಬನ್ ಚೆನ್ನಾಗಿ ಕಾಸಿದ ನೀರಲ್ಲಿ ಹತ್ತು ನಿಮಿಷ ನೆನೆಸಿ. ಸಾಕು. ಅದಕ್ಕಿಂತ, ಮನೆಯವರೆಲ್ಲರ ತಲೆ ನೋಡಿ, ಹೇನು ಇದ್ದವರಿಗೆಲ್ಲ ಒಂದೇ ದಿನ ಔಷಧಿ ಹಚ್ಚಿ. ಮಗಳಿಗೆ ಹಚ್ಚಿ, ಅವಳ ಪಕ್ಕ ಮಲಗುವ ಅಜ್ಜಿಯನ್ನು ಬಿಟ್ಟರೆ ಮತ್ತೆ ಮೊದಲಿಗೇ ಬರುತ್ತೀರಿ.

ಪ್ರಶ್ನೆ (ಶಿಕ್ಷಕಿ, ಧಾರವಾಡ): ಹೇನು ಕಂಡ ಮಕ್ಕಳನ್ನು ಮನೆಗೆ ಕಳಿಸಿ ಅಂತ ಕೆಲವು ಪಾಲಕರು ಗಲಾಟೆ ಮಾಡುತ್ತಾರೆ. ಕಳಿಸಬೇಕಾ ಮೇಡಂ?

ಉತ್ತರ: ಬೇಡ ಟೀಚರ್. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ಹೆಚ್ಚಾಗಿ ತಲೆಗೆ ತಲೆ ತಾಗಿದರೆ ದಾಟುತ್ತದೆ. ತಲೆಹೇನಿನಿಂದ ಬೇರೆ ರೋಗವೂ ಹರಡುವುದಿಲ್ಲ. ಮಗು ದಿನಪೂರ್ತಿ ಕೂತಿರಲಿ, ಸಂಜೆ ಪಾಲಕರಿಗೆ ಮೆಲ್ಲಗೆ ಹೇಳಿ. ಎಲ್ಲರೆದುರು ತಲೆ ನೋಡಬೇಡಿ. ಹಣಿಗೆ, ಸ್ಕಾರ್ಫ್ ಹಂಚಿಕೊಳ್ಳಬೇಡಿ ಅಂತ ಇಡೀ ಕ್ಲಾಸಿಗೆ ಹೇಳಿ. ಸ್ನಾನ ಮಾಡದವರಿಗೆ ಹೇನು ಅನ್ನುವ ಮಾತೂ ಸುಳ್ಳು. ತೊಳೆದ ತಲೆಗೂ ಅದು ಅಷ್ಟೇ ಖುಷಿಯಿಂದ ಹೋಗುತ್ತದೆ.

ಪ್ರಶ್ನೆ (ಹಾವೇರಿ ಹತ್ತಿರದ ಹಳ್ಳಿಯಿಂದ): ಮೇಡಂ, ನನ್ನ ತಂಗಿಯ ಮಗಳಿಗೆ ಹತ್ತು ವರ್ಷ. ಹೇನಾಗಿ, ಗಾಯವಾಗಿ, ಈಗ ಹಿಂದಲೆಯ ಕೂದಲು ಅಂಟಿ ಗಂಟುಗಟ್ಟಿದೆ. ಇದು ಎಲ್ಲಮ್ಮನ ಜಟೆ, ಕತ್ತರಿ ತಾಗಿಸಬೇಡಿ ಅಂತ ಹಿರಿಯರು ಹೇಳುತ್ತಿದ್ದಾರೆ.

ಉತ್ತರ: ಅಣ್ಣಾ, ದಯವಿಟ್ಟು ಕಾಯಬೇಡಿ. ಹೇನು ಕಚ್ಚಿ, ಕೆರೆದು, ಗಾಯದಿಂದ ಕೀವು ಸೋರಿ, ನೋವೆಂದು ಬಾಚದೆ ಬಿಟ್ಟಾಗ ಕೂದಲು ಹೀಗೇ ಅಂಟಿಕೊಳ್ಳುತ್ತದೆ. ಅದು ಬಿಡಿಸಲು ಬಾರದಿದ್ದರೆ ಕತ್ತರಿಸಲೇಬೇಕು. ಕತ್ತರಿಸಿದರೆ ಯಾರಿಗೂ ಏನೂ ಆಗುವುದಿಲ್ಲ. ಹಿಂದೆ ನಮ್ಮ ಭಾಗದಲ್ಲಿ ಇದೇ ಜಟೆಯನ್ನು ದೇವಿಯ ಕರೆ ಅಂತ ತಿಳಿದು ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿದ್ದಾರೆ, ಅಂದರೆ ದೇವದಾಸಿ ಮಾಡಿದ್ದಾರೆ. 1982ರ ಕಾಯ್ದೆ ಅದನ್ನು ಅಪರಾಧ ಮಾಡಿತು, ಈಗಲೂ ಅದು ಅಪರಾಧವೇ. ಹಿರಿಯರ ಜೊತೆ ಜಗಳ ಬೇಡ. ಸವದತ್ತಿಯ ಎಲ್ಲಮ್ಮನ ಗುಡಿಗೆ ಹೋಗಿ ಕೈಮುಗಿದು ಬರಲಿ, ಆದರೆ ಹುಡುಗಿಯನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕತ್ತಿನಲ್ಲಿ ಗಂಟು, ಜ್ವರ ಇದೆಯಾ ನೋಡಿ. ಕೀವು ಇದ್ದರೆ ಆಂಟಿಬಯೋಟಿಕ್ ಬೇಕಾಗುತ್ತದೆ. 15 ಕೆಜಿಗಿಂತ ಹೆಚ್ಚು ತೂಕದ ಮಕ್ಕಳಿಗೆ ಐವರ್‌ಮೆಕ್ಟಿನ್ ಮಾತ್ರೆಯೂ ಇದೆ. ಅದನ್ನು ಡಾಕ್ಟರು ಬರೆದುಕೊಡಬೇಕು, ನೀವೇ ಕೊಡಬೇಡಿ.

ಬೆಟಗೇರಿ ತಾಯಿ: ಥ್ಯಾಂಕ್ಸ್ ಡಾಕ್ಟ್ರೇ. ಎರಡನೇ ಸಲ ಹಚ್ಚಿದ ಮೇಲೂ ಸೀರು ಕಂಡರೆ? ಮನೆಯಲ್ಲಿ ಬಾಣಂತಿ ತಂಗಿ ಇದ್ದಾಳೆ, ಕೂಸಿಗೆ ಒಂದೂವರೆ ತಿಂಗಳು.

ಉತ್ತರ: ಬುಡದಿಂದ ಒಂದು ಸೆಂಟಿಮೀಟರಿಗಿಂತ ದೂರ ಇರುವ ಸೀರು ಸಾಮಾನ್ಯವಾಗಿ ಖಾಲಿ ಚಿಪ್ಪು, ಹೆದರಬೇಡಿ. ತುರಿಕೆಯೂ ಕೆಲವು ದಿನ ಉಳಿಯಬಹುದು. ಓಡಾಡುವ ಹೇನು ಕಂಡರೆ ಮಾತ್ರ ಔಷಧಿ ಬದಲಿಸಬೇಕು, ಆಗ ಡಾಕ್ಟರಿಗೆ ತೋರಿಸಿ. ಎರಡು ತಿಂಗಳು ತುಂಬದ ಕೂಸಿಗೆ ಯಾವ ಲೋಷನ್ನೂ ಬೇಡ. ಹೇನು ಕಂಡರೆ ಕೈಯಿಂದ ತೆಗೆಯಿರಿ. ತಂಗಿ ತನ್ನ ಡಾಕ್ಟರನ್ನು ಕೇಳಿ ಹಚ್ಚಿಕೊಳ್ಳಲಿ.