ಕೆರೆ ಏರಿ ಮೇಲೆ ರಸ್ತೆ ಕೆಲಸ ಶುರುವಾಗುತ್ತಿದೆ, ದೊಡ್ಡಪ್ಪ ಕಾಯ್ದುಕೊಂಡು ಬಂದ ವೀರಗಲ್ಲುಗಳನ್ನು ಉಳಿಸೋದು ಹೇಗೆ?

ಬ್ಯಾಣದಹಾದಿ:
ನಮ್ಮದು ಸೊರಬ ತಾಲೂಕಿನ ಸಣ್ಣ ಊರು. ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ದನಗಳಿವೆ, ಡೇರಿಗೆ ಹಾಲು ಹಾಕೋದಕ್ಕೆ ಎರಡು ಎಚ್‌ಎಫ್ ಹಸು. ಬೆಳಿಗ್ಗೆ ಹಾಲು ಕೊಟ್ಟು ಬಂದು ದನ ಹೊಡೆದುಕೊಂಡು ಬ್ಯಾಣಕ್ಕೆ, ಅಂದರೆ ಮೇಯುವ ಹುಲ್ಲುಗಾವಲಿಗೆ, ಹೊರಟರೆ ಕೈಯಲ್ಲಿ ಒಂದು ಕತ್ತಿ ಇರಲೇಬೇಕು, ದಾರಿಯಲ್ಲಿ ಸಿಗುವ ಒಂದೊಂದು ವೀರಗಲ್ಲಿನ ಸುತ್ತ ಬೆಳೆದ ಮುಳ್ಳುಕಂಟಿ ಸವರಿಯೇ ಮುಂದೆ ಹೋಗುತ್ತಾರೆ. ಓದಿದ್ದು ಏಳನೇ ಕ್ಲಾಸು. ಆದರೆ ಯಾವ ಕಲ್ಲು ಎಲ್ಲಿದೆ, ಯಾವುದರ ಮೇಲೆ ಅಕ್ಷರ ಇದೆ, ಯಾವುದು ಗದ್ದೆ ಬದುವಿನಲ್ಲಿ ಅರ್ಧ ಹೂತಿದೆ, ಎಲ್ಲ ಬಾಯಲ್ಲೇ ಇದೆ. ದೀಪಾವಳಿ ದಿನ ದನಗಳಿಗೆ ಕಟ್ಟುವ ಅಡಿಕೆ, ಪಚ್ಚೆತೆನೆ ಸರದಲ್ಲಿ ಒಂದೊಂದು ಈ ಕಲ್ಲುಗಳಿಗೂ ಎತ್ತಿಡುತ್ತಾರೆ.

ಈಗ ಕೆರೆ ಏರಿ ಮೇಲಿನ ರಸ್ತೆ ಅಗಲ ಮಾಡುತ್ತಾರಂತೆ. ಅಲ್ಲಿ ಮೂರು ಕಲ್ಲುಗಳಿವೆ. ಜೆಸಿಬಿಯಲ್ಲಿ ಎತ್ತಿ ಪಕ್ಕಕ್ಕೆ ಹಾಕುತ್ತೇವೆ ಅನ್ನುತ್ತಿದ್ದಾರೆ. ಊರಿನ ಹುಡುಗರು ದೇವಸ್ಥಾನದ ಮುಂದೆ ಸಿಮೆಂಟಿನಲ್ಲಿ ನಿಲ್ಲಿಸಿ ಪೇಂಟ್ ಹೊಡೆಯೋಣ ಅನ್ನುತ್ತಾರೆ, ಅವರದ್ದೂ ಪ್ರೀತಿಯೇ. ದೊಡ್ಡಪ್ಪನಿಗೆ ಎರಡೂ ಬೇಡ, ಊಟವೂ ಸರಿಯಾಗಿ ಸೇರುತ್ತಿಲ್ಲ. ಯಾರಿಗೆ ಬರೆಯಬೇಕು, ಹೇಗೆ ಬರೆಯಬೇಕು, ತಿಳಿದವರು ದಯವಿಟ್ಟು ಹೇಳಿ.

ಹಳೆಲಿಪಿ:
ಮೊದಲು ಆ ಕಲ್ಲುಗಳ ಶಾಸನ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನಗಳ ಸಂಗ್ರಹದಲ್ಲಿ ಇದೆಯಾ ನೋಡಿ. ಬಿ.ಎಲ್. ರೈಸ್ ಅವರು ತಂದ 8ನೇ ಸಂಪುಟ, 1904ರದ್ದು, ಸೊರಬದ ಶಾಸನಗಳು ಅದರಲ್ಲಿವೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಊರಿನ ಹೆಸರು ಹುಡುಕಿ, ಕಲ್ಲು ಎಲ್ಲಿತ್ತು ಅಂತಲೂ ಅಲ್ಲಿ ಬರೆದಿರುತ್ತಾರೆ. ನಂಬರ್ ಸಿಕ್ಕಿದರೆ ಅದನ್ನೇ ಅರ್ಜಿಯ ಮೊದಲ ಸಾಲಿನಲ್ಲಿ ಹಾಕಿ. ನೂರಿಪ್ಪತ್ತು ವರ್ಷದ ಹಿಂದೆಯೇ ಸರ್ಕಾರ ದಾಖಲೆ ಮಾಡಿದ ಕಲ್ಲು ಇದು ಅಂದರೆ ಯಾವ ಇಂಜಿನಿಯರೂ ಸುಮ್ನೆ ಪಕ್ಕಕ್ಕೆ ಹಾಕಿ ಅನ್ನೋದಕ್ಕೆ ಯೋಚಿಸುತ್ತಾರೆ.

ಅರ್ಜಿ ಪಿಡಿಒಗೆ, ತಹಶೀಲ್ದಾರರಿಗೆ, ಮತ್ತು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು ಮರೆಯಬೇಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಹಗಲಲ್ಲಿ ಕಾಣದ ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ ಮಾತ್ರ ತುಂಬಬೇಡಿ.

ತುಂಗಾತೀರ:
ನನ್ನ ಅಭಿಪ್ರಾಯ ಬೇರೆ. ಶಿವಮೊಗ್ಗದ ಶಿವಪ್ಪನಾಯಕ ಅರಮನೆ ಮ್ಯೂಸಿಯಂಗೆ ಕೊಟ್ಟುಬಿಡಿ. ಅಲ್ಲಿ ಬೇಕಾದಷ್ಟು ವೀರಗಲ್ಲುಗಳು ಭದ್ರವಾಗಿವೆ. ನಿಧಿ ಆಸೆಗೆ ಕಲ್ಲಿನ ಬುಡ ಅಗೆಯುವವರು ಈಗ ಎಲ್ಲ ಕಡೆ ಇದ್ದಾರೆ, ಕಾಡಂಚಿನ ಊರಲ್ಲಿ ರಾತ್ರಿ ಯಾರು ಕಾಯುತ್ತಾರೆ? ದೊಡ್ಡಪ್ಪನವರಿಗೂ ವಯಸ್ಸಾಯಿತು.

ಗೋಮಾಳ:
ತುಂಗಾತೀರ ಅವರೇ, ನಿಮ್ಮ ಭಯ ಸರಿ, ಆದರೆ ಕೆರೆ ಏರಿಯ ಕಲ್ಲು ಏರಿಯಲ್ಲೇ ಇದ್ದರೆ ಅದರ ಅರ್ಥ ಬೇರೆ. ನಿಮ್ಮ ಕಡೆಯ ಎಷ್ಟೋ ವೀರಗಲ್ಲುಗಳು ತುರುಗಾಳಗದವು. ಕಳ್ಳರು ಊರಿನ ದನ ಹೊಡೆದುಕೊಂಡು ಹೋದರು, ಒಬ್ಬ ಬೆನ್ನಟ್ಟಿ ದನ ತಿರುಗಿಸಿ ತಂದು ಸತ್ತ, ಊರವರು ಕಲ್ಲು ನಿಲ್ಲಿಸಿದರು. ಕೆಲವು ಕಡೆ ಅವನ ಮನೆಯವರಿಗೆ ಭೂಮಿಯನ್ನೂ ಬಿಟ್ಟಿದ್ದಾರೆ, ನೆತ್ತರುಗೊಡಗಿ ಅಂತ. ದನ ಯಾವ ಕಡೆ ಮೇಯುತ್ತಿತ್ತು, ಕಳ್ಳರು ಯಾವ ಕಣಿವೆಯಿಂದ ಇಳಿದಿರಬಹುದು, ಇದೆಲ್ಲ ಆ ಜಾಗದಲ್ಲಿ ನಿಂತಾಗ ಮಾತ್ರ ಹೊಳೆಯುತ್ತದೆ. ಅದನ್ನು ದಿನಾ ದನ ಮೇಯಿಸುವವರಿಗಿಂತ ಚೆನ್ನಾಗಿ ಯಾರು ಬಲ್ಲರು ಹೇಳಿ. ಮ್ಯೂಸಿಯಂ ಕೊನೆಯ ದಾರಿ ಆಗಲಿ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯ ಅನ್ನುವ ವೀರನ ಶಾಸನ ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅಲ್ಲಿನ ಜನರೇ ಆಸಕ್ತರ ಜೊತೆ ಸೇರಿ ಉಳಿಸಿಕೊಂಡರು, ಅದಕ್ಕೊಂದು ಮಂಟಪವನ್ನೂ ಕಟ್ಟಿದರು. ಅಷ್ಟು ಗಿಜಿಗಿಜಿ ಊರಲ್ಲೇ ಆಗಿದ್ದು ನಿಮ್ಮಲ್ಲಿ ಆಗಲ್ವಾ?

ಕೊಟ್ಟಿಗೆಮನೆ:
ನಾನೂ ದನ ಕಟ್ಟಿಕೊಂಡವಳು, ಹೊಸನಗರ ಕಡೆ. ಪೇಂಟ್ ವಿಷಯ ಹುಡುಗರಿಗೆ ಕೂರಿಸಿ ಹೇಳಿ. ನಮ್ಮೂರಿನ ಒಂದು ಕಲ್ಲಿಗೆ ಆಯಿಲ್ ಪೇಂಟ್ ಬಳಿದಿದ್ದಾರೆ, ಈಗ ಅಪ್ಸರೆಯರ ಮುಖವೇ ಗೊತ್ತಾಗುವುದಿಲ್ಲ. ಸುಣ್ಣ, ಆಸಿಡ್, ತಂತಿ ಬ್ರಷ್ ಯಾವುದೂ ಬೇಡ. ಪಾಚಿ ಇದ್ದರೆ ಬರೀ ನೀರು, ಮೆತ್ತನೆ ಬ್ರಷ್, ನಿಧಾನ. ಬುಡ ಅಗೆದದ್ದು ಕಂಡರೆ ಅವತ್ತೇ 112ಕ್ಕೆ ಫೋನ್ ಮಾಡಿ, ಗುಂಡಿ ಮುಚ್ಚುವ ಮೊದಲು ಫೋಟೋ ತೆಗೆಯಿರಿ.

ಇನ್ನೊಂದು ಕೆಲಸ ಎಲ್ಲಕ್ಕಿಂತ ಜರೂರು. ದೊಡ್ಡಪ್ಪನ ಜೊತೆ ಬ್ಯಾಣಕ್ಕೆ ನೀವೂ ಹೋಗಿ, ಒಂದೊಂದು ಕಲ್ಲಿನ ಹತ್ತಿರ ಅವರು ಹೇಳಿದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಮ್ಯಾಪಲ್ಲಿ ಗುರುತು ಹಾಕಿ.

ಬ್ಯಾಣದಹಾದಿ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ಸಂಜೆ ಟಾರ್ಚ್ ಹಿಡಿದು ಏರಿಗೆ ಹೋದೆವು. ದೊಡ್ಡ ಕಲ್ಲಿನ ಕೆಳಗಿನ ಸಾಲಿನಲ್ಲಿ ಬಿಲ್ಲು ಹಿಡಿದ ವೀರ, ಅವನ ಹಿಂದೆ ಸಾಲಾಗಿ ದನಗಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ನಂದಿ, ಸೂರ್ಯ ಚಂದ್ರ. ಎರಡು ಸಾಲಿನ ನಡುವಿನ ಪಟ್ಟಿಯಲ್ಲಿ ಅಕ್ಷರ ಇದೆ! ಒಂದು ಹಸುವಿನ ಕಾಲ ಸಂದಿಯಲ್ಲಿ ಕರು ಕೆಚ್ಚಲಿಗೆ ಬಾಯಿ ಹಾಕಿದೆ, ಇಷ್ಟು ವರ್ಷ ನಾನದನ್ನು ನೋಡಿಯೇ ಇರಲಿಲ್ಲ, ದೊಡ್ಡಪ್ಪ ಬೆರಳಿಟ್ಟು ತೋರಿಸಿದರು. ಅರ್ಜಿ ಸೋಮವಾರ ಕೊಡುತ್ತೇವೆ. ರಸ್ತೆ ಆ ಕಡೆ ಸರಿಸೋದಕ್ಕೆ ಆಗಲ್ಲ ಅಂತಲೇ ಅವರು ಹಟ ಹಿಡಿದರೆ?

ಹಳೆಲಿಪಿ:
ಆಗ ಇಲಾಖೆಯವರು ಬಂದು ನೋಡುವ ತನಕ ಕಲ್ಲು ಮುಟ್ಟಬಾರದು ಅಂತ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ. ಕಡೆಗೂ ಸರಿಸಲೇಬೇಕಾದರೆ ಅದೇ ಏರಿಯ ಮೇಲೆ, ಅದೇ ದಿಕ್ಕಿಗೆ ಮುಖ ಮಾಡಿ, ಮೂರನ್ನೂ ಒಟ್ಟಿಗೆ ನಿಲ್ಲಿಸಲಿ. ಜೆಸಿಬಿ ಬಕೆಟ್ ನೇರ ತಾಗಿಸೋದು ಬೇಡ, ಚೈನೂ ಬೇಡ, ಅಗಲ ಬೆಲ್ಟ್ ಹಾಕಿ ಗೋಣಿಚೀಲ ಕೊಟ್ಟು ಎತ್ತಬೇಕು. ಬುಡ ಬಿಡಿಸುವಾಗ ಕೈಯಲ್ಲೇ ಮಣ್ಣು ತೆಗೆಯಿರಿ, ಹೂತ ಭಾಗದಲ್ಲೂ ಸಾಲುಗಳು ಇರಬಹುದು. ಆ ಪಟ್ಟಿಯ ಫೋಟೋ ಇಲ್ಲಿ ಹಾಕಿ, ಓದೋಣ.